ಗೆರೆ ಎಲ್ಲಿ ಅಂತ ಮೊದಲೇ ಹೇಳಿ, ಅಂಪೈರಣ್ಣ

ಕಾಪುವಿನ ಹತ್ತಿರ ಕೊಯ್ಲು ಮುಗಿದ ಗದ್ದೆ. ಒಂದು ಬದಿ ಶಾಮಿಯಾನ, ಮೈಕಿನಲ್ಲಿ ಬಿಡುವಿಲ್ಲದ ಕಾಮೆಂಟ್ರಿ, ಗೋಳಿಬಜೆಯ ಘಮ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಟೆನಿಸ್ ಬಾಲ್ ಟೂರ್ನಮೆಂಟಿನ ಫೈನಲ್. ಊರಿನ ಹುಡುಗರ ಟೀಮು ಒಂದು ಕಡೆ, ಕಾರ್ಕಳ ಕಡೆಯಿಂದ ಬಂದ ಟೀಮು ಇನ್ನೊಂದು ಕಡೆ. ಆರು ಓವರಿನ ಮ್ಯಾಚು. ಬೌಲರ್ ಕಡೆಯ ಅಂಪೈರ್ ನಾನೇ.

ವಾರವಿಡೀ ಮಣಿಪಾಲದ ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವವನು ನಾನು. ಕಾಲೇಜಿನಲ್ಲಿ ಆಡುತ್ತಿದ್ದೆ. ಈಗ ಮೊಣಕಾಲು ಒಪ್ಪುವುದಿಲ್ಲ, ಹಾಗಾಗಿ ಭಾನುವಾರ ಅಂಪೈರಿಂಗ್. ಮಧ್ಯಾಹ್ನ ಊಟ, ಸಂಜೆ ಒಂದು ಲಕೋಟೆ, ಜೊತೆಗೆ ಎರಡೂ ಕಡೆಯವರಿಂದ ಬೈಗುಳ. ಖುಷಿಯಿಂದಲೇ ಹೋಗುತ್ತಿದ್ದೆ.

ಕಾರ್ಕಳದವರು ಮೊದಲು ಬ್ಯಾಟಿಂಗ್. ಮೂರನೇ ಓವರಿಗೆ ಊರಿನ ಟೀಮಿನ ಅತಿ ಚಿಕ್ಕ ಹುಡುಗ ಬಂದ. ಹತ್ತೋ ಹನ್ನೊಂದೋ ವರ್ಷ ಇರಬಹುದು, ಎಡಗೈ ಬೌಲರ್. ಮೊದಲ ಬಾಲ್ ವೈಡ್. ಎರಡನೆಯದೂ ವೈಡ್. ಮೂರನೆಯದೂ. ಅವನ ಗಲ್ಲ ನಡುಗಲು ಶುರುವಾಯಿತು. ಶಾಮಿಯಾನದಿಂದ ಯಾರೋ ನಕ್ಕರು. ನಾಲ್ಕನೇ ಬಾಲ್ ಕೂಡ ಅಲ್ಲೇ, ಆಫ್ ಸ್ಟಂಪಿನಿಂದ ದೂರ. ನನ್ನ ಕೈ ಮೇಲೆ ಹೋಗಲಿಲ್ಲ. ಐದನೆಯದು ಅದಕ್ಕಿಂತ ಒಂದು ಗೇಣು ಆಚೆ. ಆಗಲೂ ಸುಮ್ಮನಿದ್ದೆ. ಪಾಪ, ಓವರ್ ಮುಗಿಸಲಿ ಅಂತ. ಹೇಗೋ ಮುಗಿಸಿದ. ಹೋಗುವಾಗ ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

ಕಾರ್ಕಳದವರದ್ದು 41 ರನ್. ಊರಿನವರಿಗೆ 42 ಬೇಕು. ಕೊನೆಯ ಓವರ್, ಎರಡು ಬಾಲ್ ಉಳಿದಿದೆ, ಸ್ಕೋರು 40. ಬೌಲಿಂಗ್ ಮಾಡುತ್ತಿದ್ದದ್ದು ಕಾರ್ಕಳ ಟೀಮಿನಲ್ಲಿದ್ದ ಒಬ್ಬಳೇ ಹುಡುಗಿ, ಹದಿಮೂರು ವರ್ಷದವಳು. ಇಡೀ ದಿನ ಚೆನ್ನಾಗಿ ಬೌಲ್ ಮಾಡಿದ್ದಳು. ಆ ಬಾಲನ್ನು ಆಫ್ ಸ್ಟಂಪಿನ ಹೊರಗೆ ಹಾಕಿದಳು. ಬ್ಯಾಟರ್ ಬೀಸಿದ, ಸಿಗಲಿಲ್ಲ. ನನ್ನ ಕೈ ಏಳುವ ಮೊದಲೇ ಶಾಮಿಯಾನ ಪೂರ್ತಿ "ವೈಡ್!" ಅಂತ ಕೂಗಿತು. ನಾನು ಎರಡೂ ಕೈ ಚಾಚಿದೆ.

ಸ್ಕೋರು 41. ಮುಂದಿನ ಬಾಲಿಗೆ ಒಂದು ರನ್. ಪಟಾಕಿ.

ಹುಡುಗಿ ಅಳಲಿಲ್ಲ. ಎಲ್ಲರೂ ಕೈಕುಲುಕಿದ ಮೇಲೆ ನನ್ನ ಹತ್ತಿರ ಬಂದು ಕೇಳಿದಳು: "ಅಣ್ಣ, ಆಗ ಅವನಿಗೆ ವೈಡ್ ಕೊಡ್ಲಿಲ್ಲ ಅಲ್ವಾ? ನಂದು ಅದಕ್ಕಿಂತ ಒಳಗೇ ಇತ್ತು. ನಂಗೆ ಯಾಕೆ ಕೊಟ್ಟದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಆಟ ಅಲ್ವಾ ಮಗಾ, ಆಗ್ತದೆ" ಅಂದೆ. ಅವಳು ಸುಮ್ಮನೆ ತಲೆಯಾಡಿಸಿ ಟೆಂಪೋ ಹತ್ತಿದಳು.

ಅಕ್ಕನ ಊರಿನಲ್ಲೂ ಇದೇ ಜಗಳ

ಆ ರಾತ್ರಿ ಅಮೆರಿಕದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳ ಮಗ ಅಲ್ಲಿ ಬೇಸ್‌ಬಾಲ್ ಆಡುತ್ತಾನೆ. ಕಥೆ ಕೇಳಿ ಅಕ್ಕ ನಕ್ಕಳು. "ಎಂತ ಮಾರಾಯ, ನಾವು ಇಲ್ಲಿ ಪ್ರತಿ ಶನಿವಾರ ಇದಕ್ಕೇ ಗಲಾಟೆ ಮಾಡುವುದು. ಅದಕ್ಕೆ ಸ್ಟ್ರೈಕ್ ಝೋನ್ ಅಂತ ಹೆಸರು."

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡೇ ಮಾತು. ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲೆ ಹೋಮ್ ಪ್ಲೇಟ್ ಅನ್ನುವ ಬಿಳಿ ಹಲಗೆ ಇರುತ್ತದೆ, 17 ಇಂಚು ಅಗಲ. ಬಾಲ್ ಅದರ ಮೇಲೆ, ನಿಗದಿತ ಎತ್ತರದೊಳಗೆ ಹಾದುಹೋದರೆ, ಬ್ಯಾಟರ್ ಬೀಸದಿದ್ದರೂ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಅದರ ಹೊರಗೆ ಹೋದದ್ದನ್ನು ಬೀಸದೆ ಬಿಟ್ಟರೆ ಅದು 'ಬಾಲ್'. ಅಂಥ ನಾಲ್ಕು ಆದರೆ ಬ್ಯಾಟರ್ ಆರಾಮಾಗಿ ಮೊದಲ ಬೇಸಿಗೆ ನಡೆದು ಹೋಗಬಹುದು. ಮಕ್ಕಳ ಲಿಟಲ್ ಲೀಗ್‌ನಲ್ಲಿ ಎತ್ತರದ ಲೆಕ್ಕ ಕಂಕುಳಿನಿಂದ ಮೊಣಕಾಲಿನ ಮೇಲ್ಭಾಗದವರೆಗೆ. ಅಂದರೆ ಈ ಚೌಕಕ್ಕೆ ಅಗಲ ಒಂದೇ, ಎತ್ತರ ಮಾತ್ರ ಪ್ರತಿ ಮಗುವಿಗೆ ಬೇರೆ. ಆ ಚೌಕ ಗಾಳಿಯಲ್ಲಿದೆ. ಕಾಣುವುದು ಅಂಪೈರ್ ಕಣ್ಣಿಗೆ ಮಾತ್ರ.

ನಮ್ಮ ವೈಡ್ ಕೂಡ ಹಾಗೆಯೇ ಅಲ್ಲವೇ? ಎಂಸಿಸಿ ನಿಯಮಾವಳಿಯ 22ನೇ ನಿಯಮದ ಸಾರ ಇಷ್ಟೇ: ಬ್ಯಾಟರ್ ನಿಂತಲ್ಲಿಂದ ಸಹಜವಾದ ಹೊಡೆತಕ್ಕೆ ಎಟುಕದಷ್ಟು ದೂರ ಹೋದರೆ ವೈಡ್. ಯಾರಿಗೆ ಎಟುಕಬೇಕು? ಎದುರಿಗೆ ನಿಂತ ಬ್ಯಾಟರಿಗೆ. ಆರನೇ ಕ್ಲಾಸಿನ ಹುಡುಗನ ಕೈಗೆ ಎಟುಕದ್ದು ಒಂಬತ್ತನೇ ಕ್ಲಾಸಿನವನಿಗೆ ಸುಲಭವಾಗಿ ಎಟುಕುತ್ತದೆ. ಹದಿನಾಲ್ಕು ವರ್ಷದೊಳಗಿನ ಒಂದೇ ಟೀಮಿನಲ್ಲಿ ನಾಲ್ಕಡಿಯವರೂ ಇರುತ್ತಾರೆ, ಐದೂವರೆ ಅಡಿಯವರೂ ಇರುತ್ತಾರೆ. ಟೆನಿಸ್ ಬಾಲ್ ಬೇರೆ ಪುಟಿಯುತ್ತದೆ. ಒಬ್ಬನ ಎದೆಯ ಹತ್ತಿರ ಹೋದ ಬಾಲ್ ಇನ್ನೊಬ್ಬನ ತಲೆಯ ಮೇಲಿಂದ ಹೋಗುತ್ತದೆ. ನಿಯಮದ ಪ್ರಕಾರವೇ ಅಂಪೈರ್ ಒಂದೇ ಜಾಗದ ಬಾಲಿಗೆ ಎರಡು ತೀರ್ಪು ಕೊಡಬೇಕಾಗಬಹುದು. ಬೌಂಡರಿಯಲ್ಲಿ ನಿಂತ ಮಗುವಿಗೆ ಅದು ಮೋಸದ ಹಾಗೆ ಕಾಣುತ್ತದೆ.

ದೊಡ್ಡವರ ಒಂದು ದಿನದ ಪಂದ್ಯ, ಟಿ20ಗಳಲ್ಲಿ ಇದಕ್ಕೇ ಕ್ರೀಸಿನ ಬದಿಯಲ್ಲಿ ನೀಲಿಯೋ ಬಿಳಿಯೋ ಗೆರೆ ಎಳೆದಿರುತ್ತಾರೆ. ರಿಟರ್ನ್ ಕ್ರೀಸಿನಿಂದ ಒಳಗೆ 43.18 ಸೆಂಟಿಮೀಟರ್, ಅಂದರೆ ಸರಿಯಾಗಿ 17 ಇಂಚು. ಹೋಮ್ ಪ್ಲೇಟಿನ ಅಗಲವೂ ಅಷ್ಟೇ ಅಂತ ಅಕ್ಕನಿಗೆ ಹೇಳಿದಾಗ ಅವಳು, "ಆಟ ಬೇರೆ, ಇಂಚು ಒಂದೇ, ಜಗಳವೂ ಒಂದೇ" ಅಂದಳು.

ಒಂದು ಜಿಲ್ಲೆ, ನಾಲ್ಕು ಗೆರೆ

ನಮ್ಮ ಕರಾವಳಿಯ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಹೆಚ್ಚಾಗಿ ಎಲ್‌ಬಿಡಬ್ಲ್ಯು ಇರುವುದಿಲ್ಲ. ಅದನ್ನು ಇಟ್ಟರೆ ಮ್ಯಾಚು ಮುಗಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಅಂಪೈರ್ ಮೇಲಿನ ಸಿಟ್ಟೆಲ್ಲ ಬಂದು ಬೀಳುವುದು ವೈಡ್ ಮೇಲೆ.

ಆ ವೈಡ್ ಊರಿಗೊಂದು ತರಹ. ಮಣಿಪಾಲದಲ್ಲಿ ನಾವು ಆಡುವಾಗ ಬ್ಯಾಟನ್ನು ಮಲಗಿಸಿ ಅದರ ಉದ್ದಕ್ಕೆ ಗೆರೆ. ಉಡುಪಿಯಲ್ಲಿ ನಾನು ನಿಂತ ಒಂದು ಶಾಲೆಯ ಮೈದಾನದಲ್ಲಿ ಗೆರೆಯೇ ಇರಲಿಲ್ಲ, "ನೋಡಿ ಕೊಡಿ ಸರ್" ಅಷ್ಟೇ. ಕಾರ್ಕಳ ಕಡೆ ಒಮ್ಮೆ ಹೋದಾಗ ಲೆಗ್ ಸೈಡಿನಲ್ಲಿ ಕಾಲಿನ ಹಿಂದೆ ಕೂದಲೆಳೆಯಷ್ಟು ಹೋದರೂ ವೈಡ್, ಆಫ್ ಸೈಡಿನಲ್ಲಿ ಭಾರೀ ಧಾರಾಳ. ಕಾಪುವಿನ ಗದ್ದೆಯಲ್ಲಿ ಮಧ್ಯಾಹ್ನದ ನಂತರ ಕಡಲಿನ ಗಾಳಿ ಬೀಸಿದರೆ ಟೆನಿಸ್ ಬಾಲ್ ತಾನಾಗಿಯೇ ಹೊರಗೆ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ, ಅದು ಅಂದಿನ ಅಂಪೈರ್ ಮರ್ಜಿ. ಉಡುಪಿಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಅಷ್ಟರಲ್ಲಿ ಬೌಲ್ ಮಾಡುವ ಮಗುವಿನ ಪ್ರಪಂಚದ ಗಡಿ ಅರ್ಧ ಅಡಿ ಸರಿದಿರುತ್ತದೆ.

ಇದರ ಮೇಲೆ ಹಲವು ಕಡೆ ಲೆಗ್ ಅಂಪೈರಾಗಿ ನಿಲ್ಲುವುದು ಬ್ಯಾಟಿಂಗ್ ಟೀಮಿನದೇ ಹುಡುಗ. ಅವನು ರನೌಟ್ ಕೊಟ್ಟರೆ ಟೀಮಿನವರು ಬಿಡುವುದಿಲ್ಲ, ಕೊಡದಿದ್ದರೆ ಎದುರಿನವರು ಬಿಡುವುದಿಲ್ಲ. ಹನ್ನೆರಡು ವರ್ಷದವನ ತಲೆ ಮೇಲೆ ಇಷ್ಟು ಭಾರ ಹೊರಿಸಿ ನಾವು ನೆರಳಿನಲ್ಲಿ ಕೂತು ಪುನರ್ಪುಳಿ ಶರಬತ್ತು ಕುಡಿಯುತ್ತೇವೆ.

ಆದರೆ ಒಂದು ಮಾತು. ಊರಿಗೊಂದು ಗೆರೆ ಇರುವುದನ್ನು ಮಕ್ಕಳು ಬೇಗ ಒಪ್ಪಿಕೊಳ್ಳುತ್ತಾರೆ. ಮೊದಲ ಓವರಿನಲ್ಲಿ ಅಂಪೈರ್ ಎಲ್ಲಿ ಕೈ ಚಾಚುತ್ತಾನೆ ಅಂತ ನೋಡಿ ಎರಡನೇ ಓವರಿನಲ್ಲಿ ಅದಕ್ಕೆ ಸರಿಯಾಗಿ ಬೌಲ್ ಮಾಡುತ್ತಾರೆ. ಅವರಿಗೆ ಒಪ್ಪಿಕೊಳ್ಳಲು ಆಗದ್ದು ಮ್ಯಾಚಿನ ಮಧ್ಯೆ ಸರಿಯುವ ಗೆರೆ. ಕಾಪುವಿನಲ್ಲಿ ನಾನು ಮಾಡಿದ್ದು ಅದನ್ನೇ.

ಪಾಪ ಅನ್ನುವುದರ ಲೆಕ್ಕ

ಬೇಸ್‌ಬಾಲಿನಲ್ಲಿ ಈಗ ಪ್ರತಿ ಎಸೆತದ ಜಾಗವನ್ನೂ ಕ್ಯಾಮೆರಾಗಳು ದಾಖಲಿಸುತ್ತವೆ. ಆ ದಾಖಲೆಗಳನ್ನು ಹರವಿಕೊಂಡು ಕೂತವರಿಗೆ ಒಂದು ವಿಚಿತ್ರ ಕಾಣಿಸಿತು. ಪಿಚರ್ ಆಗಲೇ ಮೂರು 'ಬಾಲ್' ಹಾಕಿ ಕಷ್ಟದಲ್ಲಿದ್ದರೆ ಅಂಪೈರ್‌ಗಳ ಸ್ಟ್ರೈಕ್ ಝೋನ್ ಸ್ವಲ್ಪ ದೊಡ್ಡದಾಗುತ್ತದೆ. ಬ್ಯಾಟರ್‌ಗೆ ಎರಡು ಸ್ಟ್ರೈಕ್ ಆಗಿ ಅವನು ಕಷ್ಟದಲ್ಲಿದ್ದರೆ ಸ್ವಲ್ಪ ಚಿಕ್ಕದಾಗುತ್ತದೆ. ಕೋಟಿಗಟ್ಟಲೆ ಸಂಬಳದ ಆಟಗಾರರ ನಡುವೆ ನಿಂತ ಅನುಭವಿ ಅಂಪೈರ್‌ಗಳ ಕಥೆ ಇದು. ಲಂಚ ಅಲ್ಲ, ದ್ವೇಷ ಅಲ್ಲ. ಆಟವನ್ನು ತನ್ನ ಒಂದು ಮಾತಿನಿಂದ ಮುಗಿಸಿಬಿಡಲು ಮನಸ್ಸು ಹಿಂಜರಿಯುತ್ತದೆ ಅಷ್ಟೇ.

ಅದನ್ನು ಓದಿದಾಗ ನನ್ನ ಎಡಗೈ ಹುಡುಗ ನೆನಪಾದ. ಮೂರು ವೈಡ್ ಆದ ಮೇಲೆ ನನ್ನ ಗೆರೆಯೂ ದೊಡ್ಡದಾಗಿತ್ತು. ಸ್ಕೋರ್ ಪುಸ್ತಕದ ಫೋಟೋ ನನ್ನ ಫೋನಿನಲ್ಲಿತ್ತು. ತೆಗೆದು ಲೆಕ್ಕ ಹಾಕಿದೆ. ನಾನು ಬಿಟ್ಟದ್ದು ಎರಡು ವೈಡ್. ಅವನ್ನು ಕೊಟ್ಟಿದ್ದರೆ ಕಾರ್ಕಳದ ಸ್ಕೋರು ಕಡಿಮೆ ಎಂದರೂ 43, ಎರಡು ಬಾಲ್ ಹೆಚ್ಚಿಗೆ ಆಡಲು ಸಿಗುತ್ತಿತ್ತು ಅನ್ನುವುದು ಬೇರೆ. ಹುಡುಗಿಗೆ ಕೊನೆಯಲ್ಲಿ ವೈಡ್ ಕೊಟ್ಟರೂ ಅವರು ಸೋಲುತ್ತಿರಲಿಲ್ಲ. ಒಂದು ಮಗುವಿಗೆ ತೋರಿಸಿದ ಕರುಣೆಯ ದುಡ್ಡನ್ನು ನಾನು ಇನ್ನೊಂದು ಮಗುವಿನ ಕಿಸೆಯಿಂದ ತೆಗೆದು ಕೊಟ್ಟಿದ್ದೆ. ಕೇಳದೆ.

ಕೊನೆಯ ಬಾಲಿಗೆ ಕೈ ಚಾಚಿದ್ದು ನನ್ನ ಕಣ್ಣೋ ಶಾಮಿಯಾನದ ಕೂಗೋ? ಇವತ್ತಿಗೂ ಖಚಿತವಾಗಿ ಹೇಳಲಾರೆ.

ದೊಡ್ಡವರ ಆಟದಲ್ಲಿ

ಮೆಷಿನ್ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಕೊರಿಯಾದ ಬೇಸ್‌ಬಾಲ್ ಲೀಗಿನಲ್ಲಿ 2024ರಿಂದ ಸ್ಟ್ರೈಕ್ ಯಾವುದು, ಬಾಲ್ ಯಾವುದು ಅಂತ ಹೇಳುವುದು ಯಂತ್ರವೇ. ಅಮೆರಿಕದ ಮೇಜರ್ ಲೀಗ್ 2026ರ ಸೀಸನ್ನಿಗೆ ಮಧ್ಯದ ದಾರಿ ಹಿಡಿಯಿತು: ತೀರ್ಪು ಅಂಪೈರದ್ದೇ, ಆದರೆ ಪಿಚರ್, ಕ್ಯಾಚರ್, ಬ್ಯಾಟರ್ ಇವರಲ್ಲಿ ಯಾರಾದರೂ ತಲೆ ಮುಟ್ಟಿಕೊಂಡು ಯಂತ್ರಕ್ಕೆ ಮೇಲ್ಮನವಿ ಹಾಕಬಹುದು. ನಮ್ಮ ಐಪಿಎಲ್‌ನಲ್ಲೂ 2023ರಿಂದ ವೈಡ್, ನೋ ಬಾಲ್‌ಗಳಿಗೆ ರಿವ್ಯೂ ಕೇಳಬಹುದು.

ಆದರೂ 2024ರ ಏಪ್ರಿಲ್ 21 ನೆನಪಿದೆಯಲ್ಲ? ಕೋಲ್ಕತ್ತದಲ್ಲಿ ಆರ್‌ಸಿಬಿ ಮ್ಯಾಚು. ವಿರಾಟ್ ಕೊಹ್ಲಿ ಕ್ರೀಸಿನಿಂದ ಮುಂದೆ ಬಂದು ಆಡಿದ ಫುಲ್ ಟಾಸ್, ಕ್ಯಾಚ್, ಔಟ್. ಸೊಂಟಕ್ಕಿಂತ ಮೇಲಿತ್ತು, ನೋ ಬಾಲ್ ಅಂತ ಕೊಹ್ಲಿ ಕೆಂಡವಾದರು. ಆ ಸೀಸನ್ನಿನಲ್ಲಿ ಆಟಗಾರರ ಸೊಂಟದ ಎತ್ತರವನ್ನು ಮೊದಲೇ ಅಳೆದಿಟ್ಟಿದ್ದರು. ಕೊಹ್ಲಿಯದು 1.04 ಮೀಟರ್. ಅವರು ಕ್ರೀಸಿನಲ್ಲೇ ಇದ್ದಿದ್ದರೆ ಬಾಲ್ 0.92 ಮೀಟರ್ ಎತ್ತರದಲ್ಲಿ ಹಾದುಹೋಗುತ್ತಿತ್ತು ಅಂತ ಯಂತ್ರ ಲೆಕ್ಕ ಕೊಟ್ಟಿತು. ನಾವು ಒಂದು ರನ್ನಿನಿಂದ ಸೋತೆವು. ನಾನೂ ಟಿವಿ ಮುಂದೆ ಕೂಗಾಡಿದವನೇ. ಆದರೆ ಆಮೇಲೆ ಯೋಚಿಸಿದರೆ ಅನ್ನಿಸುವುದು ಇಷ್ಟು: ಸಿಟ್ಟು ನಮ್ಮದು, ಅಳತೆ ಮಾತ್ರ ಸೀಸನ್ ಶುರುವಾಗುವ ಮೊದಲೇ ಬರೆದಿಟ್ಟದ್ದು. ಕೊಹ್ಲಿ ಅಂತ ಅದನ್ನು ಆ ಕ್ಷಣಕ್ಕೆ ಎತ್ತಲೂ ಇಲ್ಲ, ಇಳಿಸಲೂ ಇಲ್ಲ.

ಯಂತ್ರ ಇಲ್ಲದ ಕಾಲದ ಒಂದು ಕಥೆ ನಮ್ಮ ಕರ್ನಾಟಕದವರದ್ದೇ. 1980ರ ಫೆಬ್ರವರಿ, ಮುಂಬೈಯಲ್ಲಿ ಬಿಸಿಸಿಐ ಸುವರ್ಣ ಮಹೋತ್ಸವದ ಟೆಸ್ಟ್. ಭಾರತದ ನಾಯಕ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ಕ್ಯಾಚ್ ಔಟ್ ಅಂತ ಅಂಪೈರ್ ಬೆರಳೆತ್ತಿದರು. ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್‌ಗೆ ಅನ್ನಿಸಿ, ಮನವಿ ಹಿಂತೆಗೆದುಕೊಂಡು ಟೇಲರನ್ನು ವಾಪಸ್ ಕರೆದರು. ಟೇಲರ್ 43 ರನ್ ಹೊಡೆದರು, ಇಯಾನ್ ಬೋಥಮ್ ಜೊತೆ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟಿನಿಂದ ಸೋತಿತು. ನಾಯಕ ಮನವಿ ಹಿಂತೆಗೆದುಕೊಳ್ಳಲು ನಿಯಮದಲ್ಲಿ ಇವತ್ತಿಗೂ ಅವಕಾಶ ಉಂಟು. ಹಾಗೆಯೇ ಅಂಪೈರ್ ಕೂಡ ತಕ್ಷಣ ತನ್ನ ತೀರ್ಪನ್ನು ಬದಲಿಸಬಹುದು. ನನಗೆ ಆ ನಿಯಮ ಗೊತ್ತಿತ್ತು. ಕಾಪುವಿನಲ್ಲಿ ಅದು ನೆನಪಿಗೆ ಬರಲಿಲ್ಲ. ಬಂದಿದ್ದರೂ ಪಟಾಕಿ ಹಿಡಿದು ನಿಂತವರ ಎದುರು ಧೈರ್ಯ ಬರುತ್ತಿತ್ತೋ ಇಲ್ಲವೋ.

ಕಂಬಳದ ನಿಶಾನೆ

ದಾರಿ ಕಂಡದ್ದು ಕ್ರಿಕೆಟ್ಟಿನಲ್ಲಿ ಅಲ್ಲ, ಕಂಬಳದಲ್ಲಿ. ಕಾರ್ಕಳದ ಮಿಯ್ಯಾರು, ಕಾಪುವಿನ ಬಳಿಯ ಕಟಪಾಡಿ, ಎರಡೂ ಕಡೆಯ ಕಂಬಳ ನಮ್ಮ ಕಡೆಯವರಿಗೆ ಗೊತ್ತಿದ್ದದ್ದೇ. ಅಲ್ಲಿ ಕನೆಹಲಗೆ ಅಂತ ಒಂದು ವಿಭಾಗ. ಕೋಣಗಳು ಓಡುವಾಗ ಹಲಗೆಯ ಮೇಲೆ ನಿಂತವನ ಕಾಲಡಿಯಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ಬಟ್ಟೆಯ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರ ನಿಗದಿ. ನಿಶಾನೆ ಬೆಳಿಗ್ಗೆಯೇ ಎಲ್ಲರ ಕಣ್ಣೆದುರು ತೂಗುತ್ತಿರುತ್ತದೆ. ಯಾರ ಕೋಣ ಬಂದರೂ, ಎಷ್ಟು ದೊಡ್ಡ ಮನೆಯ ಕೋಣವಾದರೂ, ಅದು ಒಂದಿಂಚು ಕೆಳಗೆ ಬರುವುದಿಲ್ಲ. ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಗದ್ದೆಯ ಬದುವಿನಲ್ಲಿ ನಿಂತ ಮಗುವಿಗೂ ಕಾಣುತ್ತದೆ. ಓಟದ ವಿಭಾಗಗಳಲ್ಲೂ ಮೊದಲು ಕಣ್ಣಂದಾಜಿನ ಮೇಲೆ ತಕರಾರು ಆಗುತ್ತಿತ್ತು. ಈಗ ಗುರಿ ಮುಟ್ಟುವಲ್ಲಿ ಲೇಸರ್ ಬಂದಿದೆ.

ನಮಗೆ ಲೇಸರ್ ಬೇಡ. ಒಂದು ನಿಶಾನೆ ಸಾಕು ಅನ್ನಿಸಿತು.

ಈ ವರ್ಷ ನಾವು ನಾಲ್ಕೈದು ಮಂದಿ ಭಾನುವಾರದ ಅಂಪೈರ್‌ಗಳು ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡು ಕೆಲವು ವಿಷಯ ತೀರ್ಮಾನಿಸಿದೆವು. ನಿಮ್ಮ ಊರಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಆಫೀಸಿನ ಫ್ಯಾಮಿಲಿ ಡೇಯಲ್ಲಿ ಮಕ್ಕಳ ಮ್ಯಾಚು ಇದ್ದರೆ ನಿಮಗೂ ಉಪಯೋಗಕ್ಕೆ ಬರಬಹುದು.

ಒಂದು, ಟಾಸಿಗೆ ಮೊದಲು ಸುಣ್ಣದ ಗೆರೆ. ಮಧ್ಯದ ಸ್ಟಂಪಿನಿಂದ ಆಫ್ ಸೈಡಿಗೆ 75 ಸೆಂಟಿಮೀಟರ್. ದೊಡ್ಡವರ ಪಂದ್ಯದಲ್ಲಿ ಇದು ಸುಮಾರು 89 ಸೆಂಟಿಮೀಟರ್ ಆಗುತ್ತದೆ. ಮಕ್ಕಳ ಕೈ ಗಿಡ್ಡ, ಅದಕ್ಕೆ ಇಷ್ಟು. ಎತ್ತರದವರಿಗೂ ಗಿಡ್ಡದವರಿಗೂ ಅದೇ ಗೆರೆ. ಪುಸ್ತಕದ ನಿಯಮಕ್ಕಿಂತ ಇದು ಸ್ವಲ್ಪ ಒರಟು, ಆದರೆ ಎಲ್ಲರಿಗೂ ಕಾಣುತ್ತದೆ.

ಎರಡು, ಎರಡೂ ಟೀಮನ್ನು ಪಿಚ್ ಹತ್ತಿರ ಕರೆದು ಐದು ನಿಮಿಷ ಮಾತು. ಗೆರೆ ಇಲ್ಲಿ, ಲೆಗ್ ಸೈಡ್ ಹೀಗೆ, ತಲೆಯ ಮೇಲಿನದು ಹೀಗೆ. ಪ್ರಶ್ನೆ ಇದ್ದರೆ ಈಗಲೇ ಕೇಳಿ. ಬ್ಯಾಟಿಗೋ ಮೈಗೋ ತಾಗಿದರೆ ವೈಡ್ ಅಲ್ಲ ಅನ್ನುವುದೇ ಎಷ್ಟೋ ಮಕ್ಕಳಿಗೆ, ಅಪ್ಪಂದಿರಿಗೂ ಗೊತ್ತಿರುವುದಿಲ್ಲ.

ಮೂರು, ಬ್ಯಾಟಿಂಗ್ ಟೀಮಿನ ಮಗುವನ್ನು ಅಂಪೈರ್ ಮಾಡುವುದಿಲ್ಲ. ಹೊರಗಿನ ಹಿರಿಯರೊಬ್ಬರು ನಿಲ್ಲಬೇಕು.

ನಾಲ್ಕು, ಚಿಕ್ಕ ಬೌಲರ್‌ಗಳಿಗೆ ಸಹಾಯ ಬೇಕಾದರೆ ಅದನ್ನು ನಿಯಮದಲ್ಲೇ ಬರೆಯುವುದು. ಒಂದು ಓವರಿನಲ್ಲಿ ಎಂಟಕ್ಕಿಂತ ಹೆಚ್ಚು ಬಾಲ್ ಇಲ್ಲ. ವೈಡಿಗೆ ರನ್ ಸಿಗುತ್ತದೆ, ಆದರೆ ಎಂಟು ಬಾಲ್ ಆದರೆ ಓವರ್ ಮುಗಿಯಿತು. ಕರುಣೆ ಎರಡೂ ಟೀಮಿಗೆ ಸಮವಾಗಿ ಸಿಗುತ್ತದೆ, ಅಂಪೈರ್ ಕಣ್ಣು ಮುಚ್ಚಬೇಕಾಗಿಲ್ಲ.

ಐದು, ತಪ್ಪಾದರೆ ಮುಂದಿನ ಬಾಲಿಗೆ ಮೊದಲು ಹೇಳುವುದು, ತಿದ್ದುವುದು. ಇನ್ನೊಂದು ತಪ್ಪು ಮಾಡಿ ಸರಿದೂಗಿಸುವುದಿಲ್ಲ.

ಅಪ್ಪ ಅಮ್ಮಂದಿರಿಗೆ ನಾವು ನಿಯಮ ಬರೆಯಲಿಲ್ಲ. ಆದರೆ ಒಂದು ಸಂಗತಿ ಹೇಳಬೇಕು. ಗೆರೆ ಬಂದ ಮೇಲೆ ಶಾಮಿಯಾನದ ಕೂಗು ನಿಂತಿಲ್ಲ. ಮೊನ್ನೆ ಮಣಿಪಾಲದಲ್ಲಿ ಒಬ್ಬರು "ದಾನೆ ಅಂಪೈರ್, ಕಣ್ಣು ಕಾಣುದಿಲ್ವಾ?" ಅಂತ ಕೂಗಿದರು. ಬೌಂಡರಿಯಲ್ಲಿ ನಿಂತಿದ್ದ ಅವರದೇ ಮಗ ತಿರುಗಿ, "ಪಪ್ಪಾ, ಗೆರೆಯಿಂದ ಹೊರಗೆ ಇತ್ತು" ಅಂದ. ಅವರು ಫೋನು ತೆಗೆದು ಏನೋ ನೋಡತೊಡಗಿದರು.

ಮತ್ತೆ ಆ ಹುಡುಗಿ

ಜನವರಿಯಲ್ಲಿ ಕಾರ್ಕಳ ಕಡೆಯ ಟೂರ್ನಮೆಂಟಿಗೆ ನನ್ನನ್ನು ಕರೆದರು. ಹೋಗುವುದೋ ಬೇಡವೋ ಅಂತ ಎರಡು ದಿನ ಯೋಚಿಸಿ ಹೋದೆ. ಅವಳು ಇದ್ದಳು, ಈಗ ಟೀಮಿನ ನಾಯಕಿ. ನನ್ನನ್ನು ಗುರುತಿಸಿದಳು, ಆದರೆ ಏನೂ ಹೇಳಲಿಲ್ಲ.

ಟಾಸಿಗೆ ಮೊದಲು ನಾನೇ ಹೇಳಿದೆ. "ಕಳೆದ ವರ್ಷ ಕಾಪುವಿನಲ್ಲಿ ನೀನು ಕೇಳಿದ್ದು ಸರಿ. ಅವನ ಎರಡು ವೈಡ್ ನಾನು ಬಿಟ್ಟಿದ್ದೆ. ತಪ್ಪು ನಂದು."

ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. "ಎರಡಲ್ಲ ಅಣ್ಣ, ಮೂರು. ಕೊನೆಯ ಬಾಲು ಸಹ" ಅಂದಳು. ನನ್ನ ಪುಸ್ತಕದಲ್ಲಿ ಎರಡೇ ಇತ್ತು. ಅವಳ ನೆನಪಿನಲ್ಲಿ ಮೂರು. ವಾದ ಮಾಡಲಿಲ್ಲ.

ಸುಣ್ಣದ ಡಬ್ಬಿ ತೆಗೆದೆ. ಅವಳೇ ಟೇಪು ಹಿಡಿದಳು. ಒಂದು ತುದಿ ಮಧ್ಯದ ಸ್ಟಂಪಿಗೆ, ಇನ್ನೊಂದು 75ಕ್ಕೆ. ಗೆರೆ ಎಳೆದ ಮೇಲೆ ಇನ್ನೊಮ್ಮೆ ಅಳೆದಳು. ಎದುರು ಟೀಮಿನ ನಾಯಕನನ್ನು ಕರೆದು ಅವನ ಕೈಗೂ ಟೇಪು ಕೊಟ್ಟಳು.

ಅವಳ ಮೊದಲ ಓವರಿನ ಎರಡನೇ ಬಾಲ್ ಗೆರೆಯಿಂದ ನಾಲ್ಕು ಬೆರಳು ಹೊರಗೆ ಹೋಯಿತು. ನಾನು ಕೈ ಚಾಚಿದೆ. ಅವಳು ಗೆರೆ ನೋಡಿದಳು, ಬಾಲ್ ತೆಗೆದುಕೊಂಡು ರನ್ ಅಪ್ಪಿಗೆ ವಾಪಸ್ ನಡೆದಳು.